ಆಟಿಯಲ್ಲಿ ಅಳಿಯ ಎಲ್ಲಿಗೂ ಹೋಗುವುದಿಲ್ಲ

ನನ್ನ ಮಾವನಿಗೆ ಒಬ್ಬನೇ ಒಬ್ಬ ಅಳಿಯ. ಅದು ನಾನಲ್ಲ!

ಸಂಬಂಧದಲ್ಲಿ ನೋಡಿದರೆ ನಾನೇ ಆಗಬೇಕಿತ್ತು. ಮಾವ ಎಂದರೆ ನನ್ನ ಅಮ್ಮನ ಅಣ್ಣ. ಅವರಿಗೆ ತಂಗಿ ಅಂತ ಇರುವುದು ನನ್ನ ಅಮ್ಮ ಒಬ್ಬಳೇ, ಅಮ್ಮನಿಗೆ ಮಗ ಅಂತ ಇರುವುದು ನಾನೊಬ್ಬನೇ. ನಮ್ಮ ಬಂಟರ ಮನೆಗಳಲ್ಲಿ ಹಿಂದೆ ಅಳಿಯಕಟ್ಟು ಎಂದು ಒಂದಿತ್ತು. ಮಾವನ ಗದ್ದೆ, ಮಾವನ ಗತ್ತು, ಮಾವನ ಕುರ್ಚಿ ಎಲ್ಲ ಸ್ವಂತ ಮಗನಿಗಲ್ಲ, ಅಕ್ಕತಂಗಿಯರ ಮಗನಿಗೆ ಬರುವ ಪದ್ಧತಿ. ಕಾನೂನು ಬಂದು ಆ ಕಟ್ಟು ಹೋಗಿ ಎಷ್ಟೋ ಕಾಲವಾಯಿತು. ಗದ್ದೆಯೂ ಹೋಯಿತು ಬಿಡಿ. ಆದರೆ ಅಳಿಯ ಎಂಬ ಮರ್ಯಾದೆಯಾದರೂ ಉಳಿದೀತಲ್ಲ ಎಂದು ನಾನು ಎಣಿಸಿಕೊಂಡಿದ್ದೆ. ಅದನ್ನೂ ಒಬ್ಬ ಫುಟ್‌ಬಾಲ್ ಆಟಗಾರ ಹೊಡೆದುಕೊಂಡು ಹೋದ!

ಈ ಆಟಗಾರ ಇರುವುದು ಏಳು ಕಡಲಿನ ಆಚೆ. ಹುಡುಗನಾಗಿದ್ದಾಗಿನಿಂದ ಒಂದೇ ತಂಡದಲ್ಲಿ ಆಡಿ, ಅಲ್ಲೇ ಕ್ಯಾಪ್ಟನ್ ಆಗಿ, ಜಗತ್ತಿಗೆಲ್ಲ ಹೆಸರಾದವನು. ಹೆಸರು ನಾನು ಹೇಳುವುದಿಲ್ಲ. ಮಾವನೂ ಹೇಳುವುದಿಲ್ಲ. ಅವರ ಬಾಯಲ್ಲಿ ಅವನು ಬರೀ ‘ಅಳಿಯ’. ಯಾಕೆ ಮಾವ ಹಾಗೆ ಎಂದು ಒಮ್ಮೆ ಕೇಳಿದ್ದಕ್ಕೆ, ‘ಅವನ ಆಟ ನೋಡು. ಚೆಂಡು ಸಿಕ್ಕಿದ ಕೂಡಲೇ ಒಮ್ಮೆ ತಲೆ ಎತ್ತಿ ನೋಡ್ತಾನಲ್ಲ, ಅದು ನಮ್ಮ ಕುಟುಂಬದವರು ಮಾಡುವುದು’ ಎಂದರು. ನಾನು ಚೆಂಡು ಸಿಕ್ಕಿದರೆ ಕಣ್ಣು ಮುಚ್ಚುವವನು. ಹಾಗಾಗಿ ವಾದ ಮಾಡಲಿಲ್ಲ.

ಇದರಿಂದ ಅವಾಂತರ ಆಗದೆ ಇರುತ್ತದೆಯೇ? ಕೆಲವು ವರ್ಷದ ಹಿಂದೆ ಒಂದು ಬೆಳಿಗ್ಗೆ ಮಾವ ನನ್ನ ಅಮ್ಮನಿಗೆ ಫೋನ್ ಮಾಡಿ, ಗದ್ಗದ ಸ್ವರದಲ್ಲಿ, ‘ಅಳಿಯನ ಮೊಣಕಾಲು ಹೋಯ್ತು ತಂಗೀ, ಇನ್ನು ಈ ವರ್ಷ ಏಳ್ಲಿಕ್ಕಿಲ್ಲ’ ಎಂದು ಹೇಳಿ ಇಟ್ಟುಬಿಟ್ಟರು. ನನ್ನದು ಮಂಗಳೂರಿನ ಫಳ್ನೀರಿನಲ್ಲಿ ಕನ್ನಡಕದ ಅಂಗಡಿ. ಅಮ್ಮ ಉಟ್ಟ ಸೀರೆಯಲ್ಲೇ ರಿಕ್ಷಾ ಹತ್ತಿ ಬಂದಳು. ಗಿರಾಕಿಯೊಬ್ಬರ ಮೂಗಿಗೆ ಫ್ರೇಮು ಕೂರಿಸುತ್ತಿದ್ದ ನನ್ನನ್ನು ಹಿಡಿದು, ಎರಡೂ ಮೊಣಕಾಲು ಮುಟ್ಟಿ ನೋಡಿ, ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತಳು. ಆಮೇಲೆ ಅಣ್ಣನಿಗೆ ಫೋನ್ ಮಾಡಿ ಚೆನ್ನಾಗಿ ಉಗಿದಳು. ಮಾವನಿಗೆ ಆಶ್ಚರ್ಯ.

‘ನಿನ್ನ ಮಗನಿಗೆ ಎಂತ ಆಗ್ಲಿಕ್ಕುಂಟು ಮಾರಾಯ್ತಿ? ಅವ ಕೂತಲ್ಲಿಂದ ಏಳುವುದೇ ಇಲ್ವಲ್ಲ!’

ಮಾವನದು ಬೋಳಾರದಲ್ಲಿ ಸಣ್ಣ ಹೋಟೆಲು. ಮಂಗಳಾದೇವಿ ದೇವಸ್ಥಾನ ದಾಟಿ ನದಿಯ ಕಡೆಗೆ ಇಳಿಯುವಾಗ ಸಿಗುತ್ತದೆ. ಬೆಳಿಗ್ಗೆ ಬನ್ಸು, ಸಂಜೆ ಗೋಳಿಬಜೆ, ಯಾವಾಗಲೂ ಚಾ. ಗೋಡೆಯಲ್ಲಿ ದೇವಿಯ ಪಟ, ಪಕ್ಕದಲ್ಲಿ ಅಜ್ಜನ ಪಟ, ಅಜ್ಜನ ಪಕ್ಕದಲ್ಲಿ ಅಳಿಯನ ಪಟ. ಮೂವರಿಗೂ ದಿನಾ ಊದುಬತ್ತಿ. ಹೊರಗಿನಿಂದ ಬಂದ ಗಿರಾಕಿಯೊಬ್ಬರು ಪಾಪ, ‘ಚಿಕ್ಕ ಪ್ರಾಯದಲ್ಲಿ ತೀರಿಕೊಂಡದ್ದಾ?’ ಎಂದು ಮರುಕದಿಂದ ಕೇಳಿ ಅರ್ಧ ಗೋಳಿಬಜೆ ಬಿಟ್ಟು ಎದ್ದುಹೋಗಬೇಕಾಯಿತು. ಆ ಪಟಗಳ ಎದುರು ಗೋಡೆಯಲ್ಲಿ ಹೋಟೆಲಿನ ಟಿವಿ. ಅದು ಮಾವನಿಗೆ ಮಸುಕಾಗಿ ಕಾಣುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಕನ್ನಡಕ ಮಾಡಿಕೊಡುತ್ತೇನೆ ಎಂದು ಎಷ್ಟು ಸಲ ಹೇಳಿದರೂ, ‘ಆಟ ನೋಡ್ಲಿಕ್ಕೆ ಕಣ್ಣು ಬೇಡ, ಮಂಡೆ ಬೇಕು’ ಎಂದು ಓಡಿಸುತ್ತಾರೆ. ಸ್ವಂತ ಸೋದರಳಿಯನ ಅಂಗಡಿಯ ಒಂದು ಕನ್ನಡಕ ಹಾಕದ ಮಾವ ಇಡೀ ಜಿಲ್ಲೆಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ.

ಈ ಹೋಟೆಲಿನ ಮೂಲೆಯ ಬೆಂಚಿನಲ್ಲಿ ಪ್ರತಿ ಸಂಜೆ ಅಸರ್ ನಮಾಜು ಮುಗಿಸಿ ಬಂದು ಕೂರುವವರು ಹಮೀದ್ ಕಾಕ, ನಮ್ಮ ಬಾಯಲ್ಲಿ ಹಮೀದಾಕ. ಬಂದರಿನಲ್ಲಿ ಚಪ್ಪಲಿ ಅಂಗಡಿ ಇದೆ, ಈಗ ತಮ್ಮ ನೋಡಿಕೊಳ್ಳುತ್ತಾರೆ. ಮಾವ ಮತ್ತು ಹಮೀದಾಕ ಹುಡುಗರಾಗಿದ್ದಾಗ ಒಂದೇ ತಂಡದಲ್ಲಿ ಆಡಿದವರು. ಮಾವ ಹಿಂದೆ ಡಿಫೆನ್ಸಿನಲ್ಲಿ ಗೋಡೆಯ ಹಾಗೆ, ಹಮೀದಾಕ ಮುಂದೆ ಲೆಫ್ಟ್ ವಿಂಗಿನಲ್ಲಿ ಗಾಳಿಯ ಹಾಗೆ. ಮಾವ ಚೆಂಡು ತಡೆದು ತಲೆ ಎತ್ತಿ ನೋಡಿದರೆ ಅಲ್ಲಿ ಹಮೀದಾಕ ಓಡುತ್ತಿರಬೇಕು. ಒಂದು ವರ್ಷ ತಂಡ ಫೈನಲಿಗೆ ಬಂತು. ಆ ವಾರವೇ ಹಮೀದಾಕನಿಗೆ ಗಲ್ಫಿನಿಂದ ವೀಸಾ ಬಂತು! ಫೈನಲಿನಲ್ಲಿ ಮಾವ ಚೆಂಡು ತಡೆದು ತಲೆ ಎತ್ತಿ ನೋಡಿದರು. ಲೆಫ್ಟ್ ವಿಂಗಿನಲ್ಲಿ ಯಾರೂ ಇರಲಿಲ್ಲ. ಸೋತರು. ಹಮೀದಾಕ ಅಲ್ಲಿ ಅರ್ಧ ಆಯುಷ್ಯ ದುಡಿದು, ತಲೆ ಬೆಳ್ಳಗೆ ಮಾಡಿಕೊಂಡು ಬಂದು, ವಿಮಾನ ಇಳಿದ ಮರುದಿನವೇ ಈ ಹೋಟೆಲಿಗೆ ಬಂದರಂತೆ. ಮಾವ ಚಾ ತಂದು ಎದುರಿಗಿಟ್ಟು ಹೇಳಿದ ಮೊದಲ ಮಾತು: ‘ಫೈನಲ್ ಸೋತೆವು.’

ಆವತ್ತು ಶುರುವಾದ ಜಗಳ ಇನ್ನೂ ಮುಗಿದಿಲ್ಲ. ಅದು ನಡೆಯುವುದು ತುಳುವಿನಲ್ಲಿ, ಜೋರಾದರೆ ಹಮೀದಾಕನ ಮನೆಮಾತಾದ ಬ್ಯಾರಿ ಭಾಷೆಯಲ್ಲಿ. ನಿಮಗಾಗಿ ಕನ್ನಡ ಮಾಡಿ ಬರೆಯುತ್ತಿದ್ದೇನೆ, ಬಿಸಿ ಸ್ವಲ್ಪ ಆರಿರಬಹುದು. ಹಮೀದಾಕ ಎಷ್ಟು ಕೋಪದಲ್ಲಿಯೂ ‘ನೀವು’ ಎಂದೇ ಬೈಯುತ್ತಾರೆ. ಮಾವ ಎಷ್ಟು ಪ್ರೀತಿಯಲ್ಲಿಯೂ ‘ನೀನು’ ಎಂದೇ ಬೈಯುತ್ತಾರೆ.

ಈ ಜಗಳ ರಂಗೇರುವುದು ಮಳೆಗಾಲದಲ್ಲಿ. ಮಳೆಗಾಲದಲ್ಲಿ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ನಾವು ಮಂಗಳೂರಿನವರು ತಾಜಾ ಮೀನಿಲ್ಲದೆ ಒಣಮೀನು ಸುಟ್ಟುಕೊಂಡು ದಿನ ದೂಡುತ್ತೇವೆ. ಅದೇ ಹೊತ್ತಿಗೆ ಅಲ್ಲಿ ಅಳಿಯನ ಊರಿನಲ್ಲಿ ಫುಟ್‌ಬಾಲಿಗೂ ರಜೆ. ಆಟ ಇಲ್ಲ, ಯಾವ ಆಟಗಾರ ಯಾವ ತಂಡಕ್ಕೆ ಹೋಗುತ್ತಾನೆ ಎಂಬ ಗಾಳಿಸುದ್ದಿ ಮಾತ್ರ. ಅದೇ ಇವರ ಒಣಮೀನು! ಈ ವರ್ಷದ ಸುದ್ದಿ ಏನೆಂದರೆ, ಅಳಿಯ ಹುಟ್ಟಿ ಬೆಳೆದ ತಂಡ ಬಿಟ್ಟು ಗಲ್ಫಿನ ಒಂದು ತಂಡಕ್ಕೆ ಹೋಗುತ್ತಾನೆ ಎಂಬುದು. ಹೋಗುತ್ತಾನೆ ಎಂದು ಹಮೀದಾಕ. ಹೋಗುವುದಿಲ್ಲ ಎಂದು ಮಾವ. ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಈ ವರ್ಷ ಆ ಜಗಳದೊಳಗೆ ಹಮೀದಾಕನ ಹೃದಯವೂ ಸಿಕ್ಕಿಹಾಕಿಕೊಂಡಿತು. ಅದನ್ನು ಹೇಳುತ್ತೇನೆ, ಮೊದಲು ಇವರ ವಾದದ ಮಟ್ಟ ಯಾವುದು ಅಂತ ನಿಮಗೆ ಗೊತ್ತಾಗಲಿ.

ಒಂದು ಸಂಜೆ ಅಳಿಯ ಯಾವುದೋ ವಿಮಾನ ನಿಲ್ದಾಣದಲ್ಲಿ ನಡೆಯುವ ಫೋಟೋ ಹಮೀದಾಕನ ಫೋನಿಗೆ ಬಂತು. ಮಾವ ಅದನ್ನು ಕೈ ದೂರ ಮಾಡಿ, ಹತ್ತಿರ ಮಾಡಿ, ಓರೆ ಮಾಡಿ ನೋಡಿದರು.

‘ನೋಡು ಹಮೀದ, ಹೆಗಲಲ್ಲಿ ಒಂದು ಸಣ್ಣ ಬ್ಯಾಗು. ಗಲ್ಫಿಗೆ ಹೋಗುವವ ಒಂದೇ ಬ್ಯಾಗಲ್ಲಿ ಹೋಗ್ತಾನಾ?’

‘ಶೆಟ್ರೇ, ಹೋಗುವಾಗ ಎಲ್ಲರದ್ದೂ ಒಂದೇ ಬ್ಯಾಗ್. ಬರುವಾಗ ನೋಡ್ಬೇಕು ನೀವು!’

ಹೋಟೆಲಿಗೆ ಹೋಟೆಲೇ ನಕ್ಕಿತು. ಮಾವ ಸೋಲಲಿಲ್ಲ.

‘ಅಲ್ಲಿ ಆ ಸೆಖೆಗೆ ಅವ ಓಡಿಯಾನಾ? ಕರಗಿ ಹೋಗ್ತಾನೆ.’

‘ಸ್ಟೇಡಿಯಮಿಗೆ ಪೂರಾ ಎಸಿ ಹಾಕಿದ್ದಾರೆ ಶೆಟ್ರೇ. ನಿಮ್ಮ ಹೋಟೆಲಿಗೆ ಒಂದು ಫ್ಯಾನ್ ಹಾಕ್ಲಿಕ್ಕೆ ನಿಮ್ಗೆ ಆಗ್ಲಿಲ್ಲ, ಅದು ಬೇರೆ ವಿಷಯ.’

‘ಮೊನ್ನೆಯಷ್ಟೇ ಅವನ ಹೆಂಡತಿ ಮನೆಗೆ ಹೊಸ ಪರದೆ ಹಾಕಿಸಿದ್ದಾಳೆ. ಹೋಗುವವರು ಪರದೆ ಹಾಕಿಸ್ತಾರಾ?’

‘ಬಾಡಿಗೆಗೆ ಕೊಡ್ಲಿಕ್ಕೆ ಹಾಕಿಸಿರ್ಬಹುದು!’

ಆಗ ಮಾವ ತಮ್ಮ ಕೊನೆಯ ಅಸ್ತ್ರ ತೆಗೆದರು. ಅದಕ್ಕೆ ಎದುರು ವಾದ ಈ ಭೂಮಿಯ ಮೇಲೆ ಇರಲಿಲ್ಲ.

‘ಈಗ ಯಾವ ತಿಂಗಳು?’

‘ಜುಲೈ.’

‘ನಮ್ಮ ತಿಂಗಳು?’

‘ಆಟಿ.’

‘ಮತ್ತೆ? ಆಟಿಯಲ್ಲಿ ಯಾರಾದ್ರೂ ಮನೆ ಬದಲಿಸ್ತಾರಾ? ಮದುವೆ ಮಾಡ್ತಾರಾ? ಹೊಸ ಕೆಲಸಕ್ಕೆ ಕೈ ಹಾಕ್ತಾರಾ?’

ಆಟಿ ಎಂದರೆ ತುಳುನಾಡಿನಲ್ಲಿ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ತಿಂಗಳು. ಆ ತಿಂಗಳಲ್ಲಿ ಯಾವ ಹೊಸ ಕೆಲಸವನ್ನೂ ಶುರು ಮಾಡುವುದಿಲ್ಲ. ಹಾಲೆಮರದ ತೊಗಟೆಯ ಕಹಿ ಕಷಾಯ ಕುಡಿದು, ಪತ್ರೊಡೆ ತಿಂದು, ಮನೆಯಲ್ಲಿ ಸುಮ್ಮನೆ ಕೂರುವುದು. ಸರಿ, ಒಪ್ಪಿಕೊಳ್ಳುವ. ಆದರೆ ಆ ಕಟ್ಟಳೆ ಏಳು ಕಡಲಿನ ಆಚೆ ಇರುವವನಿಗೂ ಉಂಟೇ?

‘ಅವ ತುಳುವನಾ ಶೆಟ್ರೇ?’ ಹಮೀದಾಕ ಕೇಳಿದರು.

‘ನನ್ನ ಅಳಿಯ ಹೌದೋ ಅಲ್ವೋ?’

‘ಅಂತ ನೀವು ಹೇಳ್ತೀರಿ.’

‘ಹಾಗಾದ್ರೆ ಕಟ್ಟಳೆ ಪೂರಾ ಅವನಿಗೂ ಲಾಗು. ಆಟಿಯಲ್ಲಿ ಅಳಿಯ ಎಲ್ಲಿಗೂ ಹೋಗುವುದಿಲ್ಲ. ಮುಗೀತು!’

ಹಮೀದಾಕ, ಆಟಿಯಲ್ಲಿ ಹೊಸ ಮದುಮಗಳು ತವರಿಗೆ ಹೋಗುತ್ತಾಳಲ್ಲ ಎಂದು ಒಂದು ದುರ್ಬಲ ಪ್ರಯತ್ನ ಮಾಡಿ ನೋಡಿದರು. ‘ಅವ ಮದುಮಗಳಾ?’ ಎಂದು ಮಾವ ಗುಡುಗಿದರು. ಆ ಸಂಜೆಯ ಆಟ ಮಾವನದ್ದೇ ಆಯಿತು.

ಬಾಯಲ್ಲಿ ಇಷ್ಟು ಧೈರ್ಯ ಇದ್ದರೂ ಒಳಗೆ ಹೆದರಿಕೆ ಇತ್ತು. ಒಂದು ದಿನ ಮಾವ, ಬಿಕರ್ನಕಟ್ಟೆಯ ಬಾಲ ಯೇಸುವಿನ ಪುಣ್ಯಕ್ಷೇತ್ರಕ್ಕೆ ಹೋಗಿ ಮೊಂಬತ್ತಿ ಹಚ್ಚಬೇಕು, ಕಾರು ತೆಗೆ ಎಂದರು. ದೇವಿಯ ಪಕ್ಕದಲ್ಲೇ ಇದ್ದು ಬಿಕರ್ನಕಟ್ಟೆಗೆ ಯಾಕೆ ಎಂದು ಕೇಳಿದೆ.

‘ಅಳಿಯ ಕ್ರಿಶ್ಚನ್ ಅಲ್ವಾ? ಮಂಗಳಾದೇವಿ ಅಮ್ಮನಿಗೆ ಹೇಳಿದ್ರೆ ಅಮ್ಮ ಬೇಡ ಅನ್ಲಿಕ್ಕಿಲ್ಲ. ಆದ್ರೆ ಫೈಲು ಕೊನೆಗೆ ಅಲ್ಲಿಗೇ ಹೋಗ್ಬೇಕಲ್ಲ ಮಾರಾಯ. ನೇರ ಅಲ್ಲೇ ಕೊಟ್ರೆ ಬೇಗ ಆಗ್ತದೆ.’

ಹಮೀದಾಕ ತಾವೂ ಬರುತ್ತೇನೆ ಎಂದು ಹಿಂದಿನ ಸೀಟಿನಲ್ಲಿ ಹತ್ತಿ ಕೂತರು. ವಿರೋಧ ಪಕ್ಷ ಇಲ್ಲದೆ ಹೇಗೆ?

ಇಲ್ಲಿ ಒಂದು ವಿಷಯ ಹೇಳಬೇಕು. ಹೋಟೆಲಿನ ಗ್ರೈಂಡರಿನ ಪಕ್ಕ ನಿಂತೂ ನಿಂತೂ ಮಾವನಿಗೆ ಕಿವಿ ಮಂದ. ಅವರು ತಮಗೆ ಮಾತ್ರ ಕೇಳಲಿ ಎಂದು ಮೆಲ್ಲಗೆ ಹೇಳಿದ್ದು ಬೇರೆಯವರಿಗೆ ಮೈಕಿನಲ್ಲಿ ಹೇಳಿದ ಹಾಗೆ ಕೇಳುತ್ತದೆ. ಮೊಂಬತ್ತಿ ಹಚ್ಚಿ, ಕಣ್ಣು ಮುಚ್ಚಿ, ಕೈ ಮುಗಿದು, ಮಾವ ಗುಟ್ಟಾಗಿ ಶುರು ಮಾಡಿದರು.

‘ಬಾಲ ಯೇಸುವೇ, ಅಳಿಯನ ವಿಷಯ ನಿನಗೆ ಗೊತ್ತುಂಟಲ್ಲ. ಒಳ್ಳೆಯ ಹುಡುಗ. ಅವನ ಮಂಡೆ ಕೆಡಿಸ್ತಾ ಇದ್ದಾರೆ. ಅವನಿಗೆ ಒಳ್ಳೆ ಬುದ್ಧಿ ಕೊಡು. ಇದ್ದಲ್ಲೇ ಇರ್ಲಿ. ಬುದ್ಧಿ ಕೊಡ್ಲಿಕ್ಕೆ ಕಷ್ಟ ಆದ್ರೆ ಅವನ ಪಾಸ್‌ಪೋರ್ಟ್ ಎಲ್ಲಿಯಾದ್ರೂ ಕಾಣದ ಹಾಗೆ ಮಾಡು.’

ಸುತ್ತ ಪ್ರಾರ್ಥನೆ ಮಾಡುತ್ತಿದ್ದವರೆಲ್ಲ ಕಣ್ಣು ಬಿಟ್ಟರು. ಹೊರಗೆ ಕೊಡೆ ಹಿಡಿದು ನಿಂತಿದ್ದ ಹಮೀದಾಕ ಅಲ್ಲಿಂದಲೇ ಕೂಗಿದರು:

‘ಪಾಸ್‌ಪೋರ್ಟ್ ಹೋದ್ರೆ ಎಂಬಸಿಯಲ್ಲಿ ಹೊಸತು ಕೊಡ್ತಾರೆ ಶೆಟ್ರೇ!’

ಹೊರಗೆ ಬಂದು ಕಾರು ಹತ್ತುವಾಗ ಹಮೀದಾಕ ನಗುತ್ತಾ ನಗುತ್ತಾ ಒಮ್ಮೆಲೇ ನಿಂತರು. ಎದೆಯ ಮೇಲೆ ಕೈ ಇಟ್ಟುಕೊಂಡರು. ಮಳೆಯಲ್ಲಿಯೂ ಹಣೆಯಲ್ಲಿ ಬೆವರು. ‘ಗ್ಯಾಸ್’ ಎಂದರು. ‘ನಿಮ್ಮ ಗೋಳಿಬಜೆಯದ್ದೇ!’ ಎಂದರು. ಮಾವ ಅವತ್ತು ಗೋಳಿಬಜೆಯ ಪರವಾಗಿ ವಾದ ಮಾಡುವುದು ಬಿಟ್ಟು, ಅವರ ಕೈ ಹಿಡಿದು ಸೀಟಿನಲ್ಲಿ ಕೂರಿಸಿದರು.

ಗ್ಯಾಸ್ ಆಗಿರಲಿಲ್ಲ. ಹಮೀದಾಕನ ಮಗಳು ಮರುದಿನ ಅವರನ್ನು ಫಳ್ನೀರಿನ ಆಸ್ಪತ್ರೆಗೆ ಎಳೆದುಕೊಂಡು ಬಂದು ತೋರಿಸಿದಳು. ಹೃದಯದ ರಕ್ತನಾಳಗಳಲ್ಲಿ ತಡೆ ಇದೆ, ಕೂಡಲೇ ಬೈಪಾಸ್ ಆಗಬೇಕು, ಮುಂದೂಡುವ ಹಾಗೇ ಇಲ್ಲ ಎಂದರು ಡಾಕ್ಟರು. ಹಮೀದಾಕ ಹೂಂ ಹೂಂ ಎಂದು ತಲೆ ಆಡಿಸಿ, ಹೊರಗೆ ಬಂದು, ನೇರ ಬೋಳಾರದ ಬೆಂಚಿಗೆ ಬಂದು ಕೂತರು.

‘ಬ್ಲಾಕ್ ಇರುವ ಕಡೆ ಬಿಟ್ಟು ಬದಿಯಿಂದ ಕೊಂಡುಹೋಗುವುದಂತೆ ಶೆಟ್ರೇ. ನಾನು ಲೆಫ್ಟ್ ವಿಂಗಲ್ಲಿ ಜೀವಮಾನ ಪೂರಾ ಮಾಡಿದ್ದು ಅದನ್ನೇ ಅಲ್ವಾ!’

‘ಯಾವಾಗ ಅಡ್ಮಿಟ್?’ ಮಾವ ಕೇಳಿದರು.

‘ಆಟಿ ಮುಗೀಲಿ.’

‘ಎಂತ?’

‘ಆಟಿಯಲ್ಲಿ ಹೊಸ ಕೆಲಸಕ್ಕೆ ಕೈ ಹಾಕ್ಲಿಕ್ಕಿಲ್ಲ ಅಂತ ನೀವೇ ಅಲ್ವಾ ಹೇಳಿದ್ದು? ಎದೆಯೊಳಗೆ ಹೊಸ ಪೈಪು ಕೂರಿಸುವುದು ಅಂದ್ರೆ ಗೃಹಪ್ರವೇಶದ ಹಾಗೇ ಆಯ್ತು. ಆಟಿ ಮುಗೀಲಿ, ಅಳಿಯನ ವಿಷಯವೂ ತೀರ್ಮಾನ ಆಗ್ಲಿ, ಮತ್ತೆ ನೋಡುವ.’

ಮಾವ ತಾವೇ ಕಟ್ಟಿದ ಗೋಡೆ ತಮಗೇ ಅಡ್ಡ ನಿಂತಿತ್ತು.

ಮೂರ್ನಾಲ್ಕು ದಿನ ಹೀಗೇ ಹೋಯಿತು. ಹಮೀದಾಕನ ಮಗಳು ನನ್ನ ಅಂಗಡಿಗೆ ಬಂದಳು. ಶಾಲೆಯಲ್ಲಿ ಟೀಚರ್, ಗಟ್ಟಿ ಹುಡುಗಿ. ಆವತ್ತು ಕೌಂಟರಿನ ಮೇಲಿನ ಕನ್ನಡಕಗಳನ್ನು ಸುಮ್ಮನೆ ಸಾಲಾಗಿ ಜೋಡಿಸುತ್ತಾ ನಿಂತಳು.

‘ಅಣ್ಣಾ, ಬಾಪಾನಿಗೆ ಆಟಿಯೂ ಇಲ್ಲ ಎಂತದೂ ಇಲ್ಲ. ಹೆದರಿಕೆ. ಎದೆ ತೆರೀತಾರೆ ಅಂತ ಹೆದರಿಕೆ. ನಮ್ಮ ಹತ್ರ ಹೇಳುವುದಿಲ್ಲ, ನಾವು ಹೇಳಿದ್ರೆ ಕೇಳುವುದೂ ಇಲ್ಲ. ಶೆಟ್ರಂಕಲ್ ಹೇಳಿದ್ರೆ ಮಾತ್ರ ಕೇಳ್ತಾರೆ. ನೀವು ಒಂದು ಮಾತು ಅವರಿಗೆ ಹೇಳಿ. ಡಾಕ್ಟ್ರು ಇನ್ನು ದಿನ ಕಾಯ್ಲಿಕ್ಕೆ ಆಗುವುದಿಲ್ಲ ಅಂತ ಹೇಳ್ತಾರೆ.’

ನಾನು ಅಂಗಡಿ ಮುಚ್ಚಿ ಬೋಳಾರಕ್ಕೆ ಹೋದೆ. ಮಾವ ಅಡುಗೆಮನೆಯಲ್ಲಿ ಬನ್ಸಿನ ಹಿಟ್ಟು ನಾದುತ್ತಿದ್ದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಹಿಟ್ಟನ್ನು ಮಾತ್ರ ಅಷ್ಟು ಹೊತ್ತು ನಾದಿದರೆಂದರೆ, ಮರುದಿನದ ಬನ್ಸು ಹತ್ತಿಯ ಹಾಗೆ ಮೆತ್ತಗೆ ಬಂತು ಎಂದು ಗಿರಾಕಿಗಳು ಹೇಳಿದರಂತೆ!

ಆ ಸಂಜೆ ಹಮೀದಾಕ ಬಂದು ಕೂತ ಕೂಡಲೇ ಮಾವ ಒಂದು ಕೆಲಸ ಮಾಡಿದರು. ಟಿವಿ ಬಂದ್ ಮಾಡಿದರು. ಗಿರಾಕಿಗಳೆಲ್ಲ ತಿರುಗಿ ನೋಡಿದರು. ಆ ಟಿವಿ ಬಂದ್ ಆದದ್ದನ್ನು ಕರೆಂಟು ಹೋದಾಗ ಬಿಟ್ಟರೆ ಯಾರೂ ಕಂಡಿರಲಿಲ್ಲ.

‘ಹಮೀದ, ಆಟಿ ಅಂದ್ರೆ ಎಂತ ಗೊತ್ತುಂಟಾ? ಹಿಂದಿನ ಕಾಲದಲ್ಲಿ ಈ ತಿಂಗಳಲ್ಲಿ ಹೊಳೆ ತುಂಬಿ ದಾಟ್ಲಿಕ್ಕೆ ಆಗ್ತಿರ್ಲಿಲ್ಲ. ಮನೆಯಲ್ಲಿ ಅಕ್ಕಿ ಇರ್ತಿರ್ಲಿಲ್ಲ. ಅದಕ್ಕೆ ಜನ ಎಂತದೂ ಮಾಡದೆ ಕೂರ್ತಿದ್ದರು. ಈಗ ರೋಡು ಉಂಟು, ರಿಕ್ಷಾ ಉಂಟು, ಅಕ್ಕಿಯೂ ಉಂಟು. ಇನ್ನು ಎಂತ ಆಟಿ? ಆಟಿಯೂ ಇಲ್ಲ ಗೀಟಿಯೂ ಇಲ್ಲ. ಎಂತ ಬೇಕಾದ್ರೂ ಮಾಡ್ಬಹುದು.’

ಹಮೀದಾಕ ಎಷ್ಟೆಂದರೂ ಲೆಫ್ಟ್ ವಿಂಗಿನವರು. ಡಿಫೆನ್ಸಿನಲ್ಲಿ ಸಣ್ಣ ಸಂದು ಕಂಡರೆ ಬಿಟ್ಟಾರೆಯೇ?

‘ಹಾಗಾದ್ರೆ ಅಳಿಯನೂ ಆಟಿಯಲ್ಲಿ ಹೋಗ್ಬಹುದು!’

ಮಾವನ ಮುಖ ಹಾಲೆಮರದ ಕಷಾಯ ಕುಡಿದವರ ಹಾಗಾಯಿತು.

‘ಹೋಗ್ಬಹುದು.’

‘ಹೋಗ್ಬಹುದಾ, ಹೋಗ್ತಾನಾ?’

ಮಾವ ಗೋಡೆಯ ಮೇಲಿನ ಪಟದ ಕಡೆ ನೋಡಲಿಲ್ಲ. ‘ಹೋಗ್ತಾನೆ. ನೀನು ಹೇಳಿದ್ದೇ ಸರಿ. ನೀನು ಗೆದ್ದೆ. ಇನ್ನು ನಾಳೆ ಅಡ್ಮಿಟ್ ಆಗು.’

ಹಮೀದಾಕ ಎರಡೂ ಕೈ ಮೇಲೆತ್ತಿ, ಗೋಲು ಹೊಡೆದವರ ಹಾಗೆ ಹೋಟೆಲಿನವರನ್ನೆಲ್ಲ ಒಮ್ಮೆ ನೋಡಿದರು. ಆಮೇಲೆ ಆ ಕೈಗಳು ನಿಧಾನ ಕೆಳಗೆ ಬಂದವು. ಮುಖ ಬಿಳಿಚಿಕೊಂಡಿತು.

‘ಶೆಟ್ರೇ... ಡಾಕ್ಟ್ರು ನಿಮ್ಮ ಹತ್ರ ಎಂತ ಹೇಳಿದ್ರು?’

‘ಎಂತ ಹೇಳ್ಲಿಲ್ಲ.’

‘ನಾನು ಉಳೀಲಿಕ್ಕಿಲ್ಲ ಅಂತ ಹೇಳಿದ್ರಾ? ಸತ್ಯ ಹೇಳಿ. ಇಲ್ಲದಿದ್ರೆ ನೀವು ಒಪ್ಪುವ ಜನವೇ ಅಲ್ಲ!’

ಅಯ್ಯೋ ದೇವರೇ! ಒಪ್ಪಿದರೂ ಕಷ್ಟ, ಒಪ್ಪದಿದ್ದರೂ ಕಷ್ಟ. ಮಾವನ ಸಹನೆ ಅಲ್ಲಿಗೆ ಮುಗಿಯಿತು. ಮೇಜು ಗುದ್ದಿ ಎದ್ದು ಬೊಬ್ಬೆ ಹಾಕಿದರು.

‘ಮಂಡೆ ಉಂಟಾ ನಿಂಗೆ? ಫೈನಲಿಗೆ ಮೊದಲು ಓಡಿಹೋದವ ನೀನು! ಈಗ ಆಸ್ಪತ್ರೆಗೆ ಹೋಗು ಅಂದ್ರೆ ಅಲ್ಲಿಂದಲೂ ಓಡ್ತೀಯಲ್ಲ! ಹೆದರುಪುಕ್ಕ! ಚಪ್ಪಲಿ ಮಾರಿ ಮಾರಿ ಕಾಲು ಇರುವುದು ಓಡಿಹೋಗ್ಲಿಕ್ಕೆ ಅಂತ ಎಣಿಸಿದ್ದೀಯಾ? ಅಳಿಯ ಹೋಗುವುದಿಲ್ಲ! ಅವನ ಅಜ್ಜ ಬಂದು ಕರೆದ್ರೂ ಹೋಗುವುದಿಲ್ಲ!’

ಹಮೀದಾಕನ ಮುಖಕ್ಕೆ ರಕ್ತ ವಾಪಸ್ ಬಂತು. ಬೆಂಚಿಗೆ ಒರಗಿ ನಿಟ್ಟುಸಿರು ಬಿಟ್ಟರು.

‘ಹಾಂ. ಈಗ ಸಮಾಧಾನ ಆಯ್ತು. ಅಂದ್ರೆ ನನಗೆ ಎಂತದೂ ಆಗ್ಲಿಕ್ಕಿಲ್ಲ. ನಾಳೆಯೇ ಅಡ್ಮಿಟ್ ಆಗ್ತೇನೆ, ಬೊಬ್ಬೆ ಹಾಕ್ಬೇಡಿ.’

ಆಪರೇಷನ್ ದಿನ ಬೆಳಿಗ್ಗೆ ಮಾವ ಹೋಟೆಲಿಗೆ ಬಾಗಿಲು ಹಾಕಿ ಆಸ್ಪತ್ರೆಗೆ ಬಂದರು. ಕೈಯಲ್ಲಿ ಬನ್ಸಿನ ಪೊಟ್ಟಣ. ಯಾರಿಗೆ ಎಂದು ಕೇಳಿದರೆ ಡಾಕ್ಟರಿಗಂತೆ, ಹೊಟ್ಟೆ ತುಂಬಿದ್ದರೆ ಕೈ ನಡುಗುವುದಿಲ್ಲವಂತೆ! ನರ್ಸು ಒಬ್ಬರು ನಗುತ್ತಲೇ ತೆಗೆದುಕೊಂಡರು. ಸ್ಟ್ರೆಚರಿನ ಮೇಲೆ ಮಲಗಿದ್ದ ಹಮೀದಾಕನನ್ನು ಒಳಗೆ ಕೊಂಡುಹೋಗುವಾಗ ಮಾವ ಪಕ್ಕದಲ್ಲೇ ನಡೆದರು. ಬಾಗಿಲ ಹತ್ತಿರ ಹಮೀದಾಕ ತಲೆ ತಿರುಗಿಸಿ, ‘ಅಳಿಯ ಹೋಗ್ತಾನೆ’ ಎಂದರು. ‘ಹೋಗುವುದಿಲ್ಲ’ ಎಂದರು ಮಾವ. ಬಾಗಿಲು ಮುಚ್ಚಿತು.

ಸ್ವಲ್ಪ ಹೊತ್ತು ಮಾವ ಕಾರಿಡಾರಿನ ಕುರ್ಚಿಯಲ್ಲಿ ಕೂತರು. ಎದ್ದರು, ಕೂತರು. ಆಮೇಲೆ ನನ್ನ ಭುಜ ಮುಟ್ಟಿ, ‘ಬಿಕರ್ನಕಟ್ಟೆಗೆ ಒಮ್ಮೆ ಹೋಗಿ ಬರುವ’ ಎಂದರು. ಈ ಹೊತ್ತಿನಲ್ಲಿಯೂ ಆ ಆಟಗಾರನ ಚಿಂತೆಯೇ ಎಂದು ನನಗೆ ಸಿಟ್ಟು ಬಂತು. ಆದರೂ ಕಾರು ತೆಗೆದೆ. ದಾರಿಯುದ್ದಕ್ಕೂ ಮಳೆ. ಮಾವ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದರು.

ಅಲ್ಲಿ ಹೆಚ್ಚು ಜನ ಇರಲಿಲ್ಲ. ಮಾವ ಮೊಂಬತ್ತಿ ಹಚ್ಚಿದರು. ಗಾಳಿಗೆ ಆರಿತು, ಪುನಃ ಹಚ್ಚಿದರು. ಕಣ್ಣು ಮುಚ್ಚಿದರು. ನಾನು ಹಿಂದೆ ದೂರದಲ್ಲೇ ನಿಂತಿದ್ದೆ. ಅವರು ದೇವರಿಗೆ ಮಾತ್ರ ಕೇಳಲಿ ಎಂದು ಹೇಳಿದ್ದು ಎಂದಿನಂತೆ ನನಗೂ ಕೇಳಿತು.

‘ಬಾಲ ಯೇಸುವೇ, ಮೊನ್ನೆ ಬಂದು ಒಂದು ಕೇಳಿದ್ದೆ. ಅಳಿಯ ಇದ್ದಲ್ಲೇ ಇರ್ಲಿ ಅಂತ. ಅದು ಬೇಡ. ಅವ ಹೋಗ್ಲಿ. ಎಲ್ಲಿಗೆ ಬೇಕಾದ್ರೂ ಹೋಗ್ಲಿ. ಹಮೀದ ಮಾತ್ರ ಹೋಗುವುದು ಬೇಡ. ಅವ ಒಮ್ಮೆ ಹೋಗಿ ಆಗಿದೆ. ಇನ್ನೊಮ್ಮೆ ನನಗೆ ಆಗುವುದಿಲ್ಲ.’

ಹೊರಗೆ ನಿಂತು ಉತ್ತರ ಕೂಗಲಿಕ್ಕೆ ಅವತ್ತು ಯಾರೂ ಇರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ, ಕಣ್ಣು ತುಂಬಿ ಬಂತು. ಮಾವ ಬರುವ ಮೊದಲೇ ಹೋಗಿ ಕಾರಿನಲ್ಲಿ ಕೂತೆ.

ಆಪರೇಷನ್ ಚೆನ್ನಾಗಿ ಆಯಿತು. 

ಹಮೀದಾಕ ಮನೆಗೆ ಬಂದ ಮೇಲೆ ಮಾವ ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದು, ಏನೂ ಆಗದವರ ಹಾಗೆ ಕುರ್ಚಿಯಲ್ಲಿ ಕೂತು, ‘ಒಂದು ಕನ್ನಡಕ ಮಾಡು’ ಎಂದರು. ಸೂರ್ಯ ಪಶ್ಚಿಮದಲ್ಲಿ ಹುಟ್ಟಿದನೇ? ಟಿವಿ ನೋಡಲಿಕ್ಕಾ ಎಂದು ಕೇಳಿದೆ.

‘ಅಲ್ಲ ಮಾರಾಯ. ಹಮೀದನ ಮಾತ್ರೆಯ ಹೆಸರು ಅಷ್ಟು ಸಣ್ಣಕ್ಕೆ ಬರೆದಿದ್ದಾರೆ. ಅವ ಸುಳ್ಳು ಹೇಳಿ ತಪ್ಪಿಸ್ತಾನೆ. ನಾನೇ ಓದಿ ಕೊಡ್ಬೇಕು.’

ಆಟಿ ಮುಗಿಯಿತು. ಬೋಟುಗಳು ಕಡಲಿಗೆ ಇಳಿದು ಮಾರುಕಟ್ಟೆಗೆ ತಾಜಾ ಬಂಗುಡೆ ಬಂತು. ಡಾಕ್ಟರು ನಡೆಯಬಹುದು ಎಂದ ಮೊದಲ ಸಂಜೆಯೇ ಹಮೀದಾಕ ಮಗಳ ಕೈ ಹಿಡಿದುಕೊಂಡು ಬೋಳಾರದ ಬೆಂಚಿಗೆ ಬಂದರು. ಕೆಮ್ಮು ಬಂದರೆ ಎದೆಗೆ ಒತ್ತಿಕೊಳ್ಳಲು ಆಸ್ಪತ್ರೆಯವರು ಹೇಳಿದ್ದ ಸಣ್ಣ ದಿಂಬು ತೋಳಿನಲ್ಲಿ. ನೋಡಿದರೆ, ಅದೇ ಸಂಜೆ ಟಿವಿಯಲ್ಲಿ ಸುದ್ದಿ! ಅಳಿಯ ಗಲ್ಫಿನಲ್ಲಿ ವಿಮಾನ ಇಳಿಯುತ್ತಿದ್ದಾನೆ. ಕೊರಳಿಗೆ ಮಾಲೆ, ಕೈಯಲ್ಲಿ ಹೊಸ ತಂಡದ ಅಂಗಿ, ಮುಖದಲ್ಲಿ ನಗು. ಹೆಗಲಲ್ಲಿ ಒಂದೇ ಒಂದು ಬ್ಯಾಗು.

‘ಕಂಡಿರಾ ಶೆಟ್ರೇ! ಹೋದ! ನಾನು ಅವತ್ತೇ ಹೇಳಿದ್ದೆ!’ ಹಮೀದಾಕ ದಿಂಬು ಎತ್ತಿ ಕುಣಿಸಿದರು. ‘ಬಾಪಾ, ಮೆಲ್ಲ’ ಎಂದು ಮಗಳು ಕೂಗಿಕೊಂಡಳು.

ಮಾವ ಹೊಸ ಕನ್ನಡಕ ಸರಿ ಮಾಡಿಕೊಂಡು ಟಿವಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ತಲೆ ತಿರುಗಿಸಿ ಮೂಲೆಯ ಬೆಂಚು ನೋಡಿದರು. ಅಲ್ಲಿ ಹಮೀದಾಕ ಕೂತಿದ್ದರು.

‘ಪಾಪ, ಬಿಕರ್ನಕಟ್ಟೆಗೆ ಹೋಗಿ ಹಚ್ಚಿದ ಮೊಂಬತ್ತಿ ದಂಡವಾಯ್ತಲ್ಲ ಶೆಟ್ರೇ!’

ನಾನು ಬಾಯಿ ತೆರೆದೆ. ಮಾವ ಕನ್ನಡಕದ ಮೇಲಿಂದ ನನ್ನನ್ನು ಒಮ್ಮೆ ನೋಡಿದರು. ಮುಚ್ಚಿದೆ.

‘ಹೌದು ಹಮೀದ, ದಂಡವಾಯ್ತು’ ಎಂದರು ಮಾವ. ಸಕ್ಕರೆ ಹಾಕದ ಚಾ ತಂದು ಅವರ ಎದುರಿಗಿಟ್ಟು, ಕಿಸೆಯಿಂದ ಮಾತ್ರೆಯ ಪಟ್ಟಿ ತೆಗೆದು, ಬೆಳಕಿಗೆ ಹಿಡಿದು ಹೆಸರು ಓದತೊಡಗಿದರು.